ಗೇಮ್ ಪೆಟ್ಟಿಗೆಯ ಗಾಳಿ ತೂತುಗಳು

ಪೆಟ್ಟಿಗೆ ನನ್ನದಲ್ಲ. ನಂಜನಗೂಡಿನಲ್ಲಿ ನಾನು ರಿಪೇರಿ ಕೆಲಸಕ್ಕಿದ್ದ ಶಾಮಿಯಾನ ಮತ್ತು ಮೈಕ್ ಸೆಟ್ ಅಂಗಡಿಯ ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆ ಅದು. ಗಟ್ಟಿ ಹಲಗೆ, ಮೇಲೆ ಕಪ್ಪು ರೆಕ್ಸಿನ್, ಮೂಲೆಗಳಿಗೆ ತಗಡು, ಎತ್ತಿಕೊಂಡು ಓಡಾಡಲು ಒಂದು ಹಿಡಿ. ಅದರೊಳಗೆ ವಿಡಿಯೋ ಗೇಮ್ ಮಿಷನ್ ಮಾಡಿ ಕೂರಿಸಬಹುದು ಎಂದು ಹೇಳಿದವನು ನಾನೇ. ಹೇಳಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಸಿಟ್ಟು ಇರುವುದು ಬೇರೆಯದಕ್ಕೆ, ಅದು ಇನ್ನೂ ಇಳಿದಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬಸ್ ಸ್ಟ್ಯಾಂಡಿನ ಹತ್ತಿರ ವಿಡಿಯೋ ಗೇಮ್ ಅಂಗಡಿ ಬಂದು, ಶಾಲೆ ಮಕ್ಕಳೆಲ್ಲ ಅಲ್ಲೇ ಬೀಡು ಬಿಡುತ್ತಿದ್ದರು. ನಮ್ಮ ಅಂಗಡಿಗೆ ಮದುವೆಯ ಶಾಮಿಯಾನ ಗೊತ್ತು ಮಾಡಲು ಬಂದವರು, ಮಕ್ಕಳು ಛತ್ರದಲ್ಲಿ ಕಾಲು ಕಾಲಿಗೆ ಸಿಕ್ಕುತ್ತವೆ, ಅವಕ್ಕೂ ಏನಾದರೂ ಇದೆಯಾ ಎಂದು ಕೇಳತೊಡಗಿದ್ದರು. ಯಜಮಾನರು ಮೈಸೂರಿಗೆ ಹೋಗಿ ಗೇಮ್ ಮಿಷನ್ ನೋಡಿಕೊಂಡು ಬಂದರು. ಅದು ಬೀರುವಿನಷ್ಟು ಎತ್ತರ. ಆಟೋಗೆ ಹಿಡಿಸುವುದಿಲ್ಲ, ಕರೆಂಟು ಹೋದರೆ ಸತ್ತು ಕೂರುತ್ತದೆ.

"ಸ್ಪೀಕರ್ ಓದಂಗೆ ಓಗ್ಬೇಕು, ಸ್ಪೀಕರ್ ಬಂದಂಗೆ ವಾಪಸ್ ಬರ್ಬೇಕು. ಅಂಥದ್ದು ಆಗ್ತದೇನ್ಲಾ?" ಎಂದರು.

"ಆಗ್ತದ ಸಾ. ಬ್ಯಾಟ್ರಿ ಮೇಲೆ ಓಡಂಗೆ ಮಾಡ್ತೀನಿ," ಎಂದೆ.

ಅವರು ಆಗಲೇ ಟಿ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಅಲ್ಲೊಂದು ಬ್ರಾಂಚ್ ತೆಗೆಯುವ ಆಲೋಚನೆ. "ಇದು ಓಡ್ತು ಅಂದ್ರೆ ನರಸೀಪುರದ ಅಂಗಡಿ ನೀನೇ ನೋಡ್ಕೊ. ಬೀಗದ ಕೈ ನಿಂದು," ಎಂದರು. ಹೇಳಿದ್ದು ಅಂಗಡಿ ಬಾಗಿಲಲ್ಲಿ ನಿಂತು, ಎದುರು ಅಂಗಡಿಯವರಿಗೂ ಕೇಳುವ ಹಾಗೆ. ಐ.ಟಿ.ಐ. ಮುಗಿಸಿದ್ದರೂ ಅಲ್ಲಿಯವರೆಗೆ ನಾನು ಕಂಬ ಹತ್ತಿ ಹಾರ್ನ್ ಕಟ್ಟುವ ಮೈಕ್ ಹುಡುಗ. ನಮ್ಮ ಕೇರಿಯವರು ಯಾರೂ ಪೇಟೆಯ ಅಂಗಡಿಯೊಂದರ ಗಲ್ಲಾ ಮುಂದಿನ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ಆ ಕುರ್ಚಿ ನನಗೆ ಬೇಕಿತ್ತು. ಬಹಳ ಬೇಕಿತ್ತು.

ಯಜಮಾನರ ಮೇಲೆ ನನಗೆ ನಂಬಿಕೆ ಇತ್ತು ಎನ್ನುವುದನ್ನೂ ಹೇಳಬೇಕು. ಹೋಟೆಲಿನಲ್ಲಿ ನನ್ನ ತಟ್ಟೆಯ ವಡೆಯನ್ನೇ ಮುರಿದು ಬಾಯಿಗೆ ಹಾಕಿಕೊಳ್ಳುವ ಮನುಷ್ಯ ಅವರು. "ಜಾತಿಗೀತಿ ಎಲ್ಲಾ ಅಜ್ಜಂದಿರ ಕಾಲಕ್ಕೇ ಮುಗೀತು ಬುಡು" ಎಂದು ನಾಲ್ಕು ಜನರ ಮುಂದೆ ಹೇಳುವವರು. ಅಂಗಡಿ ತುಂಬ ಪಾತ್ರೆ, ಕುರ್ಚಿ, ಜಮಖಾನ ಪೇರಿಸಿದ್ದರಿಂದ ಬಿಚ್ಚಿ ಹರಡಿಕೊಂಡು ಕೂರಲು ಜಾಗವಿರಲಿಲ್ಲ. "ಮನೇಗೇ ತಕ್ಕಂಡೋಗಿ ಮಾಡು" ಎಂದವರೂ ಅವರೇ. ಪೆಟ್ಟಿಗೆಯನ್ನು ನಮ್ಮ ಕೇರಿಗೆ ನಾನು ಕದ್ದು ಒಯ್ಯಲಿಲ್ಲ.

ನಮ್ಮ ಮನೆಯ ಜಗಲಿಯ ಮೇಲೆ ಕೆಲಸ ಶುರುವಾಯಿತು. ಹನ್ನೆರಡು ವೋಲ್ಟಿನಲ್ಲಿ ಓಡುವ ಚಿಕ್ಕ ಕಪ್ಪು-ಬಿಳುಪು ಟಿ.ವಿ.ಯನ್ನು ಯಜಮಾನರು ಕೊಟ್ಟಿದ್ದರು. ಟಿ.ವಿ.ಗೆ ಸಿಕ್ಕಿಸಿ ಆಡುವ ಗೇಮ್ ಸೆಟ್ಟನ್ನು ನಾನು ನನ್ನ ದುಡ್ಡಿನಲ್ಲಿ ತಂದೆ. ಎರಡರ ಪ್ಲಾಸ್ಟಿಕ್ ಕವಚವನ್ನೂ ಕಿತ್ತೆಸೆದೆ. ಮೊದಲು ಪಿಕ್ಚರ್ ಟ್ಯೂಬನ್ನು ಮುಚ್ಚಳಕ್ಕೆ ಕಟ್ಟಿದೆ. ಮುಚ್ಚಳ ಎತ್ತಿದೊಡನೆ ಪೆಟ್ಟಿಗೆ ಹಿಂದಕ್ಕೆ ಪಲ್ಟಿ ಹೊಡೆಯಿತು. ಟ್ಯೂಬು ಒಡೆಯದೆ ಉಳಿದದ್ದು ಪುಣ್ಯ. ಆಮೇಲೆ ಪೆಟ್ಟಿಗೆಯನ್ನು ನಿಲ್ಲಿಸಿ, ಟ್ಯೂಬನ್ನು ಒಳಗೆ ಹಿಂದಕ್ಕೆ ತಳ್ಳಿ, ಬೈಕಿನ ಬ್ಯಾಟರಿಯನ್ನು ತಳಕ್ಕೆ ಭಾರವಾಗಿ ಇಟ್ಟೆ. ಮುಚ್ಚಳ ಮುಂದಕ್ಕೆ ಬಿದ್ದು ಸರಪಳಿಯ ಮೇಲೆ ಮಣೆಯ ಹಾಗೆ ನಿಲ್ಲಬೇಕು, ಆಡುವ ಹಿಡಿ ಮತ್ತು ಗುಂಡಿಗಳು ಅದರ ಮೇಲೆ ಬರಬೇಕು. ಹಾಗೆ ಮಾಡಿದರೆ ಮುಚ್ಚುವಾಗ ಹಿಡಿ ಹೋಗಿ ಟ್ಯೂಬಿಗೆ ಗುದ್ದುತ್ತಿತ್ತು. ಸೈಕಲ್ ಶಾಪಿನಲ್ಲಿ ಹಿಡಿಯ ಕಡ್ಡಿಗೆ ಸ್ಕ್ರೂವಿನ ಹಾಗೆ ಮರೆ ಹಾಕಿಸಿ, ತಿರುಗಿಸಿ ಬಿಚ್ಚಿಡುವ ಹಾಗೆ ಮಾಡಿದೆ.

ಹಿಡಿಯ ಕೆಳಗೆ ನಾಲ್ಕು ದಿಕ್ಕಿಗೆ ನಾಲ್ಕು ಹಿತ್ತಾಳೆ ಪಟ್ಟಿ. ಗುಜರಿಯ ಹಳೇ ರಿಲೇ ಸ್ವಿಚ್ಚುಗಳಿಂದ ಕಿತ್ತವು. ಕಡ್ಡಿ ಯಾವ ಕಡೆ ವಾಲಿದರೆ ಆ ಕಡೆಯ ಪಟ್ಟಿ ತಾಗಿ ತೆರೆಯ ಮೇಲಿನವನು ಅತ್ತ ಓಡಬೇಕು. ಗುಂಡಿಗಳಿಗೆ ಮನೆ ಬಾಗಿಲಿನ ಕಾಲಿಂಗ್ ಬೆಲ್ ಸ್ವಿಚ್ಚು ಹಾಕಿದೆ. ಅವುಗಳ ಸ್ಪ್ರಿಂಗು ಬಿರುಸು, ಮಕ್ಕಳ ಬೆರಳಿಗೆ ಒತ್ತಲಾಗದು. ಕೇರಿಯ ಮಕ್ಕಳ ಖಾಲಿ ಬಾಲ್ ಪೆನ್ನುಗಳನ್ನೆಲ್ಲ ಒಟ್ಟು ಮಾಡಿ ಅವುಗಳ ಸ್ಪ್ರಿಂಗು ಕತ್ತರಿಸಿ ಹಾಕಿದಾಗ ಸರಿಹೋಯಿತು. ಸ್ಪೀಕರನ್ನು ಟ್ಯೂಬಿನ ಪಕ್ಕ ಇಟ್ಟರೆ ಅದರ ಅಯಸ್ಕಾಂತಕ್ಕೆ ಚಿತ್ರ ಸೊಟ್ಟಗಾಗುತ್ತಿತ್ತು. ತಳಕ್ಕೆ ಇಳಿಸಿದೆ. ಗೇಮಿನ ಚಿತ್ರವನ್ನು ಆಂಟೆನಾ ದಾರಿಯಲ್ಲಿ ಕಳಿಸಿದಾಗ ನೆರಳು ನೆರಳಾಗಿ ಬರುತ್ತಿತ್ತು. ಟಿ.ವಿ. ಬೋರ್ಡಿನ ಒಳಗೇ ಜಾಗ ಹುಡುಕಿ ನೇರ ಬೆಸೆದೆ. ಚಿತ್ರ ರಂಗೋಲಿ ಎಳೆದಷ್ಟು ಚೊಕ್ಕಟವಾಗಿ ನಿಂತಿತು.

ಕೊನೆಗೆ ಉಳಿದದ್ದು ಬಿಸಿ. ಬ್ಯಾಟರಿಯ ಹನ್ನೆರಡು ವೋಲ್ಟನ್ನು ಗೇಮ್ ಬೋರ್ಡಿಗೆ ಬೇಕಾದ ಐದು ವೋಲ್ಟಿಗೆ ಇಳಿಸುವ ರೆಗ್ಯುಲೇಟರ್ ಮುಟ್ಟಿದರೆ ಬೊಬ್ಬೆ ಬರುವಷ್ಟು ಕಾಯುತ್ತಿತ್ತು. ಅಲ್ಯೂಮಿನಿಯಂ ತುಂಡು ಬಿಗಿದರೂ ಸಾಲಲಿಲ್ಲ. ಪೆಟ್ಟಿಗೆಯ ನೆತ್ತಿಯ ಹಲಗೆಯಲ್ಲಿ, ಬೋರ್ಡಿನ ನೇರ ಮೇಲೆ, ಸಾಲಾಗಿ ತೂತು ಕೊರೆದೆ. ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ. ಇದು ಲೆಕ್ಕ ಹಾಕಿ ಮಾಡಿದ ಕೆಲಸ, ಸರಿಯಾದ ಕೆಲಸ. ಈಗ ಮಾಡಿದರೂ ಅಲ್ಲೇ ಕೊರೆಯುತ್ತೇನೆ.

ಮೂರು ಸಂಜೆ ಕೇರಿಯವರೆಲ್ಲ ಆಡಿದರು. ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರು. ಗುದ್ದಿದರು, ಹಿಡಿಯನ್ನು ಎಳೆದಾಡಿದರು, ಒಬ್ಬರನ್ನೊಬ್ಬರು ತಳ್ಳಾಡಿದರು. ಮಿಷನ್ ಒಂದು ಸಲವೂ ಕೈ ಕೊಡಲಿಲ್ಲ.

ಮೊದಲ ಬಾಡಿಗೆ ನರಸೀಪುರದ ಛತ್ರದಲ್ಲಿ, ಯಜಮಾನರ ನೆಂಟರದೇ ಮದುವೆ. ಹಿಂದಿನ ದಿನ ಪೆಟ್ಟಿಗೆಯನ್ನು ಯಜಮಾನರ ಮನೆಗೆ ತಲುಪಿಸಿದೆ. ಬೆಳಿಗ್ಗೆ ಶಾಮಿಯಾನದ ವ್ಯಾನು ಅಲ್ಲಿಂದಲೇ ಹೊರಡುವುದಿತ್ತು. ಜಗಲಿಯ ಮೇಲೆ ಇಟ್ಟೆ. ಒಳಗೆ ಯಜಮಾನರೇ ಎತ್ತಿಕೊಂಡು ಹೋಗುವವರಿದ್ದರು. ಅವರ ತಾಯಿ ಬಾಗಿಲಲ್ಲಿ ನಿಂತು, "ಇದೇನಾ ಅದು?" ಎಂದು ಕೇಳಿದರು. "ಊಂ ಅವ್ವಾರೆ," ಎಂದೆ. ಅವರು ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು.

ಮರುದಿನ ನಾನು ಬಸ್ಸಿನಲ್ಲಿ ನರಸೀಪುರಕ್ಕೆ ಹೋದೆ. ಛತ್ರದ ಪಡಸಾಲೆಯಲ್ಲಿ ಮೇಜಿನ ಮೇಲೆ ಪೆಟ್ಟಿಗೆ ನಿಲ್ಲಿಸಿ, ಮುಚ್ಚಳ ಇಳಿಸಿ, ಹಿಡಿ ತಿರುಗಿಸಿ ಕೂರಿಸಿದೆ. ಮಕ್ಕಳು ಮುತ್ತಿಕೊಂಡವು. ಸ್ವಿಚ್ ಒತ್ತಿದೆ. ಚಿತ್ರ ಬಂತು. ಆದರೆ ಯಾರೂ ಹಿಡಿ ಮುಟ್ಟದಿದ್ದರೂ ತೆರೆಯ ಮೇಲಿನವನು ತನ್ನಷ್ಟಕ್ಕೆ ಎಡಕ್ಕೆ ಓಡಿ ಗೋಡೆಗೆ ಗುದ್ದಿಕೊಂಡು ನಿಂತ. ಮತ್ತೆ ಗುದ್ದಿಕೊಂಡ. ಮಕ್ಕಳು ನಕ್ಕವು. ನಾನು ಗುಂಡಿಗಳನ್ನು ಅದುಮಿ ನೋಡುತ್ತಿದ್ದಾಗಲೇ ಒಳಗೆ ಚರ್ ಎಂದು ಸದ್ದಾಗಿ ತೆರೆ ಕಪ್ಪಾಯಿತು. ಫ್ಯೂಸ್ ಹೋಗಿತ್ತು. ಹೊಸದು ಹಾಕಿದೆ, ಅದೂ ಹೋಯಿತು.

ಹಿಂದಿನ ಹಲಗೆ ಬಿಚ್ಚಲು ಸ್ಕ್ರೂ ಡ್ರೈವರ್ ತೆಗೆದೆ. ಯಜಮಾನರು ಬಂದು ಪೆಟ್ಟಿಗೆಯ ಮೇಲೆ ಕೈ ಇಟ್ಟರು.

"ಬ್ಯಾಡ. ಮದುವೆ ಮನೇಲಿ ಬಿಚ್ಚಾಕಂಡು ಕೂರ್ಬ್ಯಾಡ."

"ಒಂದ್ಸಲ ನೋಡ್ಬುಡ್ತೀನಿ ಸಾ. ವ್ಯಾನಲ್ಲಿ ಅಲ್ಲಾಡಿ ಯಾವ್ದಾದ್ರೂ ಬೆಸುಗೆ ಬುಟ್ಟಿರ್ಬೇಕು."

"ಬ್ಯಾಡ ಅಂದ್ನಲ್ಲ."

ಪಕ್ಕದಲ್ಲೇ ಅವರ ಬಾಮೈದ ನಿಂತಿದ್ದ. ಹೊಸ ಶರಟು, ಬಾಯಿ ತುಂಬ ಎಲೆ ಅಡಿಕೆ. "ಇವನ ಕೈಗೆ ಅಂಗಡಿ ಕೊಡ್ತೀನಿ ಅಂತೀರಲ್ಲ ಬಾವ," ಎಂದ. ನೆಂಟರೆಲ್ಲ ಕೇಳಿಸಿಕೊಂಡರು. ಯಜಮಾನರು ನನ್ನ ಮುಖ ನೋಡದೆ, "ಹುಡುಗಂಗೆ ಕೈ ಇನ್ನೂ ಪಳಗಿಲ್ಲ. ಕಲಿತಾನೆ ಬುಡಿ," ಎಂದರು. ನನ್ನ ಪರವಾಗಿ ಮಾತಾಡಿದರು ಎಂದುಕೊಂಡೆ. ಆ ಮಾತಿಗೆ ಮನಸ್ಸಿನಲ್ಲೇ ಕೈ ಮುಗಿದೆ ಕೂಡ. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಪೆಟ್ಟಿಗೆಯನ್ನು ನರಸೀಪುರದ ಆ ಬಾಡಿಗೆ ಕೋಣೆಗೆ ಹಾಕಿ ಬೀಗ ಜಡಿದರು. ಕೇಳಿದಾಗಲೆಲ್ಲ ಇವತ್ತು, ನಾಳೆ ಎಂದರು. ಅಷ್ಟು ದಿನವೂ ನಾನು ಊಟಕ್ಕೆ ಕೂತರೂ ಆ ಬೋರ್ಡಿನ ಒಂದೊಂದು ಬೆಸುಗೆಯನ್ನೂ ಕಣ್ಣ ಮುಂದೆ ತಂದುಕೊಂಡು ನೋಡುತ್ತಿದ್ದೆ. ಎಲ್ಲಿ ತಪ್ಪಿದೆ? ಪಟ್ಟಿಗಳು ಬಾಗಿದವೇ? ಬೆಸುಗೆಗೆ ಸೀಸ ಕಡಿಮೆಯಾಯಿತೇ? ನನ್ನ ಕೈಯ ಮೇಲೆ ನನಗೇ ಅನುಮಾನ ಹುಟ್ಟಿತು. ಮೈಕ್ ರಿಪೇರಿ ಮಾಡುವಾಗಲೂ ಒಂದಕ್ಕೆ ಎರಡು ಸಲ ಮುಟ್ಟಿ ನೋಡುತ್ತಿದ್ದೆ.

ಕೊನೆಗೆ ತಡೆಯಲಾರದೆ ಒಂದು ಬೆಳಿಗ್ಗೆ ನರಸೀಪುರಕ್ಕೆ ಹೋದೆ. ಕೋಣೆಯಲ್ಲಿ ಬಾಮೈದ ಗೋಡೆಗೆ ಸುಣ್ಣ ಹೊಡೆಸುತ್ತಿದ್ದ. ಬೀಗದ ಕೈ ಅವನ ಸೊಂಟದಲ್ಲಿತ್ತು. ಪೆಟ್ಟಿಗೆ ಕೊಡು ಎಂದೆ. ಏನನ್ನಿಸಿತೋ, "ತಕ್ಕಂಡೋಗು, ಇಲ್ಲಿ ಯಾರ್ಗೂ ಬೇಕಾಗಿಲ್ಲ," ಎಂದ. ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ.

ಜಗಲಿಯ ಮೇಲೆ ಹಿಂದಿನ ಹಲಗೆ ಬಿಚ್ಚಿದೊಡನೆ ವಾಸನೆ ಮೂಗಿಗೆ ಹೊಡೆಯಿತು. ಸುಟ್ಟ ವೈರಿನದಲ್ಲ. ಗಾಳಿ ತೂತುಗಳ ನೇರ ಕೆಳಗೆ ಬೋರ್ಡು ಹಸಿರು ಕಟ್ಟಿತ್ತು. ರೆಗ್ಯುಲೇಟರಿನ ಕಾಲುಗಳ ಸುತ್ತ ಬಿಳಿ ಉಪ್ಪು. ತಾಮ್ರದ ಸಣ್ಣ ಗೆರೆಗಳನ್ನು ಏನೋ ತಿಂದು ಹಾಕಿತ್ತು. ಅಲ್ಯೂಮಿನಿಯಂ ತುಂಡಿನ ಮೇಲೆ ಒಣಗಿದ ಹಳದಿ ಹನಿಗಳ ಗುರುತು.

ಅವ್ವ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ನನ್ನ ಭುಜದ ಮೇಲಿಂದ ಬಗ್ಗಿ ಮೂಸಿದಳು.

"ಗಂಜಲ ಕನಾ ಮಗ," ಎಂದಳು.

"ಯಾವ ಗಂಜಲ?"

"ಹಸಿನ ಗಂಜಲ. ಮೈಲಿಗೆ ಕಳೆಯಾಕೆ ಚಿಮುಕ್ಸವ್ರೆ." ಆಮೇಲೆ ನಕ್ಕುಬಿಟ್ಟಳು. "ನಾನೇ ಗುಡ್ಸೋ ಕೊಟ್ಟಿಗೇದು. ದಿನಾ ನಾ ಬಳುದು ಬಿಂದಿಗೇಲಿ ಇಟ್ಟು ಬರದು ಅದೇಯ."

ನನ್ನ ಅವ್ವ ಯಜಮಾನರ ಮನೆಯ ಕೊಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಬಳಿದಿಟ್ಟ ಗಂಜಲದಿಂದ ಅವಳ ಮಗನ ಕೈ ತಾಗಿದ ಮೈಲಿಗೆ ತೆಗೆದಿದ್ದರು. ಅವಳು ನಕ್ಕದ್ದಕ್ಕೆ ನನಗೆ ಅವಳ ಮೇಲೂ ಸಿಟ್ಟು ಬಂತು. ಯಾಕೆ ನಗ್ತೀಯ ಎಂದು ಕೂಗಿದೆ. "ಅಳದಾ ಮತ್ತೆ?" ಎಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಒಲೆಯ ಕಡೆ ಹೋದಳು.

ಆ ದಿನವೇ ಯಜಮಾನರ ಹತ್ತಿರ ಹೋಗಲಿಲ್ಲ. ಮೊದಲು ಮಿಷನ್ ಓಡಬೇಕು ಎಂದು ಹಟ ಹಿಡಿದೆ. ಸತ್ತ ಮಿಷನ್ ಇಟ್ಟುಕೊಂಡು ಮಾತಾಡಿದರೆ ನೆಪ ಹೇಳುತ್ತಾನೆ ಎನ್ನುತ್ತಾರೆ. ಬೋರ್ಡನ್ನು ಬಿಚ್ಚಿ ಪೆಟ್ರೋಲಿನಲ್ಲಿ ಉಜ್ಜಿದೆ. ಎಣ್ಣೆ ಜಿಡ್ಡು ಹೋಯಿತು, ಉಪ್ಪು ಹೋಗಲಿಲ್ಲ. ಉಪ್ಪನ್ನು ಕರಗಿಸಲು ನೀರೇ ಬೇಕು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಬ್ರಷ್ ಅದ್ದಿ ಮತ್ತೆ ಮತ್ತೆ ತೊಳೆದೆ, ಸ್ಪಿರಿಟ್ ಸವರಿದೆ, ಮೊರದಲ್ಲಿಟ್ಟು ಬಿಸಿಲಿಗೆ ಒಣಗಿಸಿದೆ. ತಿಂದುಹೋದ ಗೆರೆಗಳ ಜಾಗಕ್ಕೆ ವೈರಿನ ಒಂಟಿ ಎಳೆಗಳನ್ನು ಬೆಸೆದೆ. ರೆಗ್ಯುಲೇಟರ್ ಹೊಸದು. ಹಿತ್ತಾಳೆ ಪಟ್ಟಿಗಳನ್ನು ಉಪ್ಪುಕಾಗದದಲ್ಲಿ ತಿಕ್ಕಿದೆ. ನಾನು ಮೊದಲು ಹಾಕಿದ್ದ ಬೆಸುಗೆಗಳಲ್ಲಿ ಒಂದೂ ಬಿಟ್ಟಿರಲಿಲ್ಲ. ಒಂದೂ. ಸ್ವಿಚ್ ಒತ್ತಿದಾಗ ತೆರೆಯ ಮೇಲಿನವನು ನಾನು ಹೇಳಿದ ಕಡೆಗೆ ಮಾತ್ರ ಓಡಿದ.

ಪೆಟ್ಟಿಗೆ ಎತ್ತಿಕೊಂಡು ಅಂಗಡಿಗೆ ಹೋಗಿ ಯಜಮಾನರ ಮೇಜಿನ ಮೇಲೆ ಇಟ್ಟು ಆಡಿಸಿ ತೋರಿಸಿದೆ. ಅವರ ಮುಖ ಅರಳಿತು. "ನಾ ಹೇಳ್ಲಿಲ್ವ, ನಿನ್ನ ಕೈಲಾಯ್ತದೆ ಅಂತ," ಎಂದರು.

"ಏನಾಗಿತ್ತು ಕೇಳಲ್ವಾ ಸಾ?"

ಅವರು ಮೇಜಿನ ಮೇಲಿದ್ದ ಸ್ಪ್ಯಾನರನ್ನು ಅತ್ತಿತ್ತ ಸರಿಸಿದರು.

"ನಿಮಗೆ ಗೊತ್ತಿತ್ತು," ಎಂದೆ.

"ವಯಸ್ಸಾದೋರು ಕಣಯ್ಯ. ಶುಭಕಾರ್ಯ, ಅದೂ ನೆಂಟರ ಮನೇದು. ಅವ್ವನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಸುಮ್ನಿದ್ದೆ. ನಾಕು ಹನಿ. ಅಷ್ಟಕ್ಕೇ ಕೆಡ್ತದೆ ಅಂತ ನಂಗೇನು ಕನಸು ಬಿದ್ದಿತ್ತಾ?"

"ಕೆಟ್ಟಾಗ ಗೊತ್ತಾಯ್ತಲ್ಲ. ಬಿಚ್ಚಬ್ಯಾಡ ಅಂತ ಕೈ ಇಟ್ರಿ. ನನ್ನ ಕೈ ಪಳಗಿಲ್ಲ ಅಂದ್ರಿ. ಇಷ್ಟು ದಿವ್ಸ ನಾನು ನನ್ನ ಬೆಸುಗೇನೆ ಅನುಮಾನ ಪಟ್ಕಂಡು ಸತ್ತೆ."

"ನೆಂಟ್ರ ಮುಂದೆ ಅವ್ವನ ಮರ್ಯಾದೆ ತೆಗಿಯಾಕಾಗ್ತದಾ?"

ನನ್ನ ಮರ್ಯಾದೆಯ ಮಾತು ಅವರ ಬಾಯಿಂದ ಬರಲೇ ಇಲ್ಲ. ತಾಯಿ ಮಾಡಿದ್ದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಅದು. ಆಕೆ ಹಳೆಯ ಕಾಲದವರು, ಬಾಯಲ್ಲೊಂದು ಮನಸ್ಸಲ್ಲೊಂದು ಇಟ್ಟುಕೊಂಡವರಲ್ಲ. ಈತ ನನ್ನ ತಟ್ಟೆಯ ವಡೆ ತಿಂದವರು.

ಅಷ್ಟರಲ್ಲಿ ಯಜಮಾನರು ಎದ್ದು ಒಳಗಿನಿಂದ ಒಂದು ಡಬ್ಬಿ ತಂದರು. ಬೋರ್ಡಿಗೆ ಬಳಿಯುವ ವಾರ್ನಿಶ್, ಮೋಟಾರು ವೈಂಡಿಂಗಿಗೆ ಹಚ್ಚುವಂಥದ್ದು. ಆಗಲೇ ತರಿಸಿ ಇಟ್ಟಿದ್ದರು. ಮಿಷನಿಗೆ ಏನಾಯಿತು ಎಂದು ಅಷ್ಟು ಚೆನ್ನಾಗಿ ಯೋಚಿಸಿದ್ದರು.

"ಜಗಳ ಬ್ಯಾಡ. ಬೋರ್ಡಿಗೆಲ್ಲ ಇದನ್ನ ಎರಡು ಸಲ ಹೊಡಿ. ಮ್ಯಾಲಿನ ತೂತು ಮುಚ್ಚಿ ಪಕ್ಕಕ್ಕೆ ಮಾಡು, ಮ್ಯಾಲೆ ರಬ್ಬರ್ ಹಾಕು. ಆಮೇಲೆ ಯಾರು ಏನು ಚಿಮುಕ್ಸಿದ್ರೂ ಒಳಕ್ಕೋಗಲ್ಲ. ಜನ ಬದಲಾಗಲ್ಲ ಕಣಯ್ಯ, ಮಿಷನ್ನ ಬದಲಾಯ್ಸದು ಸುಲಭ. ನರಸೀಪುರದ ಬೀಗದ ಕೈ ಇವತ್ತೇ ತರುಸ್ತೀನಿ. ಯಾರಾದ್ರೂ ಕೇಳುದ್ರೆ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು ಅನ್ನು."

ಬ್ಯಾಟರಿಯ ಮೇಲೆ ಓಡುವ ಆ ಪೆಟ್ಟಿಗೆಯಲ್ಲಿ ಸುಡುವಂಥ ಟ್ರಾನ್ಸ್‌ಫಾರ್ಮರ್ ಒಂದೂ ಇರಲಿಲ್ಲ. ಸುಳ್ಳನ್ನಾದರೂ ಕೆಲಸ ತಿಳಿದು ಹೇಳಬಾರದೇ?

ಆದರೂ ಡಬ್ಬಿ, ಪೆಟ್ಟಿಗೆ ಎರಡನ್ನೂ ತೆಗೆದುಕೊಂಡು ಮನೆಗೆ ಹೋದೆ. ಕುರ್ಚಿಯ ಆಸೆ ಅಷ್ಟಿತ್ತು. ಬೋರ್ಡನ್ನು ಹೊರಗೆಳೆದು, ವಾರ್ನಿಶ್ ಕಲಕಿ, ಬ್ರಷ್ಷಿನಿಂದ ಒಂದು ಅಂಚಿನಿಂದ ಬಳಿಯತೊಡಗಿದೆ. ಕೆಲಸದ ದೃಷ್ಟಿಯಿಂದ ಅದರಲ್ಲಿ ತಪ್ಪಿಲ್ಲ. ಮಳೆ, ಧೂಳು, ಬೆವರು ಎಲ್ಲದಕ್ಕೂ ವಾರ್ನಿಶ್ ಒಳ್ಳೆಯದು. ಅಲ್ಯೂಮಿನಿಯಂ ತುಂಡನ್ನು ಪಕ್ಕಕ್ಕೆ ತಿರುಗಿಸಿದರೆ ತೂತುಗಳನ್ನೂ ಪಕ್ಕಕ್ಕೆ ಮಾಡಬಹುದು. ಕೈ ಸಲೀಸಾಗಿ ಓಡುತ್ತಿತ್ತು. ಅರ್ಧ ಬೋರ್ಡಿನವರೆಗೆ ಬಂದಾಗ, ನಾನು ಈಗ ಮಾಡುತ್ತಿರುವುದು ಏನು ಎನ್ನುವುದು ತಲೆಗೆ ಹೋಯಿತು. ನಾನು ಮೈಲಿಗೆಯವನು ಎಂದು ಯಾರಾದರೂ ಗಂಜಲ ಎರಚಿದರೆ ಅದನ್ನು ತಡೆದುಕೊಂಡು ನಗುನಗುತ್ತಾ ಓಡುವ ಮಿಷನನ್ನು ನಾನೇ ಕೈಯಾರೆ ತಯಾರು ಮಾಡುತ್ತಿದ್ದೆ. ಮನುಷ್ಯರಿಗೆ ಅದನ್ನು ಕಲಿಸಿದ್ದು ಸಾಲದೆ ಈಗ ಮಿಷನಿಗೂ ಕಲಿಸಬೇಕಿತ್ತು.

ಬ್ರಷ್ ಇಟ್ಟೆ. ಬಳಿದದ್ದನ್ನು ಸ್ಪಿರಿಟ್ ಹಾಕಿ ಒರೆಸಿದೆ.

ಮರುದಿನ ಪೆಟ್ಟಿಗೆಯನ್ನೂ ಡಬ್ಬಿಯನ್ನೂ ಯಜಮಾನರ ಮೇಜಿನ ಮೇಲೆ ಇಟ್ಟು ಹೇಳಿದೆ: "ತೂತು ಇದ್ದಲ್ಲೇ ಇರ್ತವೆ ಸಾ. ಪೆಟ್ಟಿಗೆ ಎಲ್ಲೋದ್ರೂ ನನ್ನ ಕೈಲೇ ಓಗ್ತದ, ಮನೆ ಒಳಕ್ಕೂ ನನ್ನ ಕೈಲೇ. ನಾನು ಪಕ್ಕದಲ್ಲೇ ಕೂತಿರ್ತೀನಿ. ಯಾರೂ ಏನೂ ಚಿಮುಕ್ಸಂಗಿಲ್ಲ. ಯಾಕೆ ಕೆಟ್ಟಿತ್ತು ಅಂತ ಕೇಳುದ್ರೆ ಯಾಕೆ ಕೆಟ್ಟಿತ್ತೋ ಅದನ್ನೇ ಹೇಳ್ತೀನಿ."

ಅವರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. "ಅಲ್ಲಿ ಇರೋರೆಲ್ಲ ನಮ್ಮ ನೆಂಟರು. ಇಂಗಾದ್ರೆ ನರಸೀಪುರದಲ್ಲಿ ಅಂಗಡಿ ನಡಿಯಲ್ಲ," ಎಂದರು.

"ನಡೀದಿದ್ರೆ ಬ್ಯಾಡ."

"ನಿನ್ನ ಒಳ್ಳೇದಕ್ಕೇ ಹೇಳಿದ್ದು ನಾನು."

ಪೆಟ್ಟಿಗೆ ಅವರದು, ಟಿ.ವಿ. ಅವರದು. ಎರಡನ್ನೂ ಅಲ್ಲೇ ಬಿಚ್ಚಿ ಅವರ ಮುಂದಿಟ್ಟೆ. ಗೇಮ್ ಬೋರ್ಡು, ಹಿಡಿ, ಗುಂಡಿಗಳು ನನ್ನವು. ಟವೆಲಿನಲ್ಲಿ ಕಟ್ಟಿಕೊಂಡೆ. ಅವರು ತಡೆಯಲಿಲ್ಲ. ಅವ್ವ ಮಾರನೆಯ ದಿನವೂ ಅವರ ಕೊಟ್ಟಿಗೆಗೆ ಹೋದಳು. ಅದರ ಬಗ್ಗೆ ನಮ್ಮಿಬ್ಬರಿಗೆ ಜೋರು ಜಗಳವಾಯಿತು. ಒಂದು ತಿಂಗಳಾದ ಮೇಲೆ ಅವಳೇ ಬಿಟ್ಟಳು, ಯಾಕೆ ಎಂದು ಹೇಳಲಿಲ್ಲ.

ನರಸೀಪುರದ ಅಂಗಡಿ ಬಾಮೈದನದಾಯಿತು. ನಾನು ಟಿ.ವಿ. ರಿಪೇರಿಗೆಂದು ಮನೆ ಮನೆ ಸುತ್ತುವುದಕ್ಕೆ ಶುರು ಮಾಡಿದೆ. ಮುಂದಿನ ವರ್ಷ ಯಾವುದೋ ಬಿಡಿಭಾಗಕ್ಕೆ ನರಸೀಪುರಕ್ಕೆ ಹೋದಾಗ ಆ ಅಂಗಡಿಯ ಮುಂದೆ ಮಕ್ಕಳ ಗುಂಪು ಕಂಡಿತು. ಒಳಗೆ ಹೊಸ ಗೇಮ್ ಮಿಷನ್, ಬೆಂಗಳೂರಿನಿಂದ ತರಿಸಿದ್ದು, ಕಲರ್. ನೆತ್ತಿಯ ಮೇಲೆ ನಾನು ಕೊರೆದದ್ದಕ್ಕಿಂತ ದೊಡ್ಡ ಗಾಳಿ ಕಿಂಡಿ. ಅದರ ಪಕ್ಕ ಕುಂಕುಮ, ಒಂದು ಮೊಳ ಹೂವು. ಬಾಮೈದ ಗಲ್ಲಾ ಮುಂದೆ ಕೂತಿದ್ದ. ನನ್ನನ್ನು ನೋಡಿ, "ಬಾರಪ್ಪ, ನೋಡು ಎಂಗದೆ," ಎಂದ.

"ಮದುವೆಗೆಲ್ಲ ಓಗ್ತದಾ?" ಎಂದು ಕೇಳಿದೆ.

"ಓಗ್ತದೆ. ಮೊನ್ನೆ ಬಾವನ ಅವ್ವನ ಪೈಕಿ ಮದುವೇಗೂ ಓಗಿತ್ತು."

"ಇದ್ಕೂ ಗಂಜಲ ಚಿಮುಕುಸ್ತಾರಾ?"

ಅವನಿಗೆ ನನ್ನ ಮಾತಿನ ಕೊಂಕು ತಿಳಿಯಲಿಲ್ಲ. ನಿಜಕ್ಕೂ ಆಶ್ಚರ್ಯಪಟ್ಟ. "ಇದ್ಕ್ಯಾಕಪ್ಪ? ಇದು ಕಂಪ್ನಿ ಮಾಲು," ಎಂದ.

ಆ ಕಂಪನಿಯಲ್ಲಿ ಅದಕ್ಕೆ ಬೆಸುಗೆ ಹಾಕಿದವನ ಕೇರಿ ಯಾವುದು ಎಂದು ಕೇಳಿದೆ. ಅವನು ತಿರುಗಿ ಮಿಷನಿನ ಕಡೆ ನೋಡಿದ. ಮಕ್ಕಳು ಗುಂಡಿ ಒತ್ತುತ್ತಲೇ ಇದ್ದವು. ನಾನು ಬಸ್ ಸ್ಟ್ಯಾಂಡಿಗೆ ಹೊರಟೆ. ರಸ್ತೆ ದಾಟಿ ತಿರುಗಿ ನೋಡಿದಾಗ ಅವನು ಗಲ್ಲಾ ಬಿಟ್ಟು ಎದ್ದು ಬಂದು ಆ ಮಿಷನಿನ ಮುಂದೆ ನಿಂತಿದ್ದ, ಮುಟ್ಟಿರಲಿಲ್ಲ.